ಏಳು ಐದು ಐದು

ಬೆಂತೆನ್ ಬೀದಿಯ ಹೊಶಿನಾಯಾ ಅಂಗಡಿಯಲ್ಲಿ ಕೆಲಸ ಮೊದಲಿನಿಂದಲೂ ಹಂಚಿಹೋಗಿತ್ತು. ಹಬೆಯ ಒಲೆ ಗಂಡ ತೆತ್ಸುರೊನದು. ಅಜುಕಿ ಕಾಳಿನ ಸಿಹಿ ಹೂರಣವನ್ನು ಹಿಟ್ಟಿನೊಳಗಿಟ್ಟು, ಬಾಯಿ ಚಿವುಟಿ ಮುಚ್ಚಿ ಮಂಜೂ ಕಟ್ಟುವುದು ಹೆಂಡತಿ ಕಿನುಯೊಳದು. ತಪ್ಪು ಹುಡುಕುವುದು ಅತ್ತೆ ಇಸೊ ಅವರದು. ಎಂಬತ್ತೇಳು ತುಂಬಿದ ಅತ್ತೆ ಮಂಡಿನೋವು ಶುರುವಾದ ಮೇಲೆ ಒಳಕೋಣೆಯಲ್ಲಿ ಕೊತಾತ್ಸು ಎಂಬ ಬಿಸಿಮೇಜಿನ ಅಡಿಗೆ ಕಾಲು ಚಾಚಿ, ರಜಾಯಿಯನ್ನು ಸೊಂಟದ ತನಕ ಎಳೆದುಕೊಂಡು ಕೂತಿರುತ್ತಿದ್ದರು. ಅಲ್ಲಿಂದಲೇ ಹಬೆಯ ವಾಸನೆ ಹಿಡಿದು ಮೂರನೇ ತಟ್ಟೆ ಹೆಚ್ಚು ಬೆಂದಿದೆ ಎಂದು ಹೇಳಬಲ್ಲವರಾಗಿದ್ದರು. ಹೇಳದೆ ಬಿಡುತ್ತಲೂ ಇರಲಿಲ್ಲ.

ಇದರ ಜೊತೆಗೆ ಕಿನುಯೊಗೆ ಇನ್ನೊಂದು ಕೆಲಸವಿತ್ತು. ಅದನ್ನು ಯಾರೂ ಅವಳಿಗೆ ವಹಿಸಿರಲಿಲ್ಲ. ಐದು ವರ್ಷದ ಹಿಂದೆ, ಕೂದಲು ಕತ್ತರಿಸುವ ಅಂಗಡಿಯಲ್ಲಿ ಸಿಕ್ಕ ಒಂದು ಮಾಸಪತ್ರಿಕೆಯ ಜೊತೆ ಬಂದ ಸಿ.ಡಿ. ಬಿಲ್ಲೆಯಿಂದ ಅವಳು ಅಂಗಡಿಯ ಜಾಲತಾಣಕ್ಕೆ ಬ್ಲಾಗ್ ತಂತ್ರಾಂಶ ಹಾಕಿದ್ದಳು. ಹತ್ತು ನಿಮಿಷದಲ್ಲಿ ಆಗುತ್ತದೆ ಎಂದು ಪತ್ರಿಕೆ ಬರೆದಿತ್ತು. ಹನ್ನೊಂದು ದಿನ ಹಿಡಿಯಿತು. ಹಿಟ್ಟು ನಾದಿ ಮುಚ್ಚಿಟ್ಟು, ಅದು ಉಬ್ಬುವಷ್ಟು ಹೊತ್ತು ಕಂಪ್ಯೂಟರಿನ ಮುಂದೆ ಕೂರುವಳು. ಸರ್ವರ್ ದಿನಾ ಒಂದೇ ಉತ್ತರ ಕೊಡುವುದು: ಒಳಗೆ ಏನೋ ತಪ್ಪಾಗಿದೆ. ಏನು ಎಂದು ಹೇಳುವುದಿಲ್ಲ. ಅತ್ತೆಯಾದರೂ ಏನೆಂದು ಹೇಳುತ್ತಾರಲ್ಲ ಎಂದು ಅವಳಿಗೆ ಆಗ ಅನ್ನಿಸಿತ್ತು. ಒಂಬತ್ತನೇ ದಿನ ತಿಳಿದದ್ದು, ಮೊದಲ ಸಾಲಿನ ಮುಂದೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಬಿಟ್ಟಿದ್ದಾಳೆಂದು. ಹನ್ನೊಂದನೇ ದಿನ ತಿಳಿದದ್ದು, ಆ ಕಡತ ಓಡಬೇಕಾದರೆ ಅದಕ್ಕೊಂದು ಅನುಮತಿ ಸಂಖ್ಯೆ ಕೊಡಬೇಕೆಂದು. ಏಳು ಐದು ಐದು. ಮರೆಯಬಾರದೆಂದು ಅವಳು ಅದನ್ನು ಒಂದು ಚೀಟಿಯಲ್ಲಿ ದಪ್ಪಗೆ ಬರೆದು, ಕೈಗೆ ಹತ್ತಿರವಿದ್ದ ಗೋಡೆಗೆ ಅಂಟಿಸಿದಳು. ಅದು ಹಬೆಯ ಒಲೆಯ ಮೇಲಿನ ಗೋಡೆ.

ಆ ವಾರದಿಂದ ಹೊಶಿನಾಯಾದ ಮಂಜೂ ಏಳು ನಿಮಿಷ ಐವತ್ತೈದು ಸೆಕೆಂಡು ಬೇಯತೊಡಗಿತು.

ಅದುವರೆಗೆ ಎಷ್ಟು ಹೊತ್ತು ಬೇಯಬೇಕೆಂದು ಅತ್ತೆ ಮೂಗಿನ ಅಂದಾಜಿನಲ್ಲಿ ಹೇಳುತ್ತಿದ್ದರು. ಈಗ ತೆತ್ಸುರೊನಿಗೆ ಗಡಿಯಾರ ಕೊಟ್ಟು, ಇಷ್ಟೇ ಹೊತ್ತು, ಒಂದು ಸೆಕೆಂಡು ಅತ್ತ ಇತ್ತ ಆಗಕೂಡದು ಎಂದರು. ಸಿಪ್ಪೆ ಬಿರಿಯುವುದು ನಿಂತಿತು, ಹೂರಣ ಒದ್ದೆಯಾಗುವುದು ನಿಂತಿತು. ಎರಡು ವರ್ಷದ ಮೇಲೆ ಊರಿನ ರೇಡಿಯೊದವರು ಬಂದು ಗುಟ್ಟೇನು ಎಂದು ಕೇಳಿದಾಗ, ಇದು ನಮ್ಮ ಅತ್ತೆಯ ಕಾಲದ ಲೆಕ್ಕ ಎಂದು ಅತ್ತೆ ಹೇಳಿದರು. ಪಕ್ಕದಲ್ಲಿ ಚಹಾ ಹಿಡಿದು ನಿಂತಿದ್ದ ಕಿನುಯೊ ಬಾಯಿ ತೆರೆದಳು. ರೇಡಿಯೊದವನು ಮೈಕನ್ನು ಅವಳ ಕಡೆ ತಿರುಗಿಸಿದ. ಅವಳು ಚಹಾ ಆರುತ್ತೆ, ಕುಡೀರಿ ಎಂದಳು. ಚೀಟಿ ಅಷ್ಟರಲ್ಲಿ ಹಬೆಗೆ ನೆನೆದು ಎಂದೋ ಕಳಚಿ ಬಿದ್ದಿತ್ತು.

ಆ ಸಂಗತಿಯನ್ನೂ ಅವಳು ಬ್ಲಾಗಿನಲ್ಲಿ ಬರೆದಳು, ಅತ್ತೆ ಹೇಳಿದ ಹಾಗೆಯೇ. ಮೊದಲ ದಿನ ‘ಪರೀಕ್ಷೆ, ಪರೀಕ್ಷೆ, ಮಂಜೂ ಬೆಂದಿದೆ’ ಎಂದು ಶುರುವಾದದ್ದು ಐದು ವರ್ಷದಲ್ಲಿ ಸಾವಿರದ ನೂರ ಹನ್ನೆರಡು ಬರಹಗಳಾಗಿದ್ದವು. ಎಲ್ಲವೂ ಏಳೆಂಟು ಸಾಲಿನವು. ಚಳಿಗಾಲದಲ್ಲಿ ನೀರು ಎಷ್ಟು ಬಿಸಿಯಿರಬೇಕು, ಕೆಳಗಡೆ ಚಿವುಟುವಾಗ ಹೆಬ್ಬೆರಳು ಎಲ್ಲಿರಬೇಕು, ಟೋಫು ಅಂಗಡಿಯ ಮೊಚಿದಾ-ಸಾನ್ ಇವತ್ತು ಏನೆಂದರು, ಅತ್ತೆ ಏನನ್ನಲಿಲ್ಲ. ಕೊನೆಯ ಸಾಲು ಪ್ರತಿದಿನವೂ ಒಂದೇ: ‘ಹವೆ ಸರಿಯಿಲ್ಲ, ದೇಹವನ್ನು ಜೋಪಾನ ಮಾಡಿಕೊಳ್ಳಿ.’ ಕೆಳಗೆ ಓದುಗರ ಟಿಪ್ಪಣಿಗೆಂದು ಒಂದು ಚೌಕವಿತ್ತು. ಐದು ವರ್ಷದಿಂದ ಅದರ ಪಕ್ಕದಲ್ಲಿ ಸೊನ್ನೆ ಕೂತಿತ್ತು. ಕಿನುಯೊಗೆ ಅದರ ಬೇಸರವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮನೆಯಲ್ಲಿ ಅವಳದೇ ಎನ್ನಬಹುದಾದ ವಸ್ತುಗಳು ಹೆಚ್ಚಿರಲಿಲ್ಲ. ಒಂದು ಚಾಕು, ಒಂದು ಕೊಡೆ, ಆ ಸಾವಿರದ ನೂರ ಹನ್ನೆರಡು ತುಂಡುಗಳು.

ಫೆಬ್ರವರಿಯಲ್ಲಿ ಬೀದಿಯ ವರ್ತಕರ ಸಂಘ, ಎಲ್ಲ ಅಂಗಡಿಗಳ ತಾಣಗಳನ್ನೂ ಹೊಸ ಆವೃತ್ತಿಗೆ ಅಪ್‌ಗ್ರೇಡ್ ಮಾಡಬೇಕು ಎಂದು ತೀರ್ಮಾನಿಸಿತು. ತಾಣಗಳಿಗೆ ಜಾಗ ಬಾಡಿಗೆ ಹಿಡಿದದ್ದು ಸಂಘವೇ ಆದ್ದರಿಂದ ಅದರ ಮಾತು ನಡೆಯಬೇಕಿತ್ತು. ಗಣಕ ಸುಧಾರಣಾ ಸಮಿತಿಯ ಅಧ್ಯಕ್ಷರು ಉಸಾಮಿ. ಅವರದು ಸಹಿಯ ಬದಲು ಒತ್ತುವ ಹೆಸರಿನ ಮುದ್ರೆ ಕೆತ್ತುವ ಅಂಗಡಿ. ಬೀದಿಯಲ್ಲಿ ಯಾವ ಕಾಗದಕ್ಕೆ ಯಾರು ಮುದ್ರೆ ಒತ್ತಿದರೂ ಅದು ಅವರು ಕೆತ್ತಿದ್ದೇ. ಹೀಗಾಗಿ ಎಲ್ಲ ತೀರ್ಮಾನಗಳಲ್ಲೂ ತಮ್ಮ ಕೈಯಿದೆ ಎಂದು ಅವರು ನಂಬಿದ್ದರು.

ಸರಿಯಾಗಿ ಓಡುತ್ತಿರುವುದನ್ನು ಯಾಕೆ ಮುಟ್ಟಬೇಕು ಎಂದು ಕಿನುಯೊ ಸಭೆಯಲ್ಲಿ ಮೆಲ್ಲಗೆ ಕೇಳಿದಳು. ಹೊಸದು ಬಂದಿದೆ ಎಂದು ಉಸಾಮಿ ಹೇಳಿದರು. ಹೊಸದರಲ್ಲಿ ಏನಿದೆ ಎಂದು ಅವಳು ಕೇಳಿದಳು. ಹಳೆಯದರಲ್ಲಿ ಇಲ್ಲದ್ದು ಇದೆ ಎಂದರು. ಇದಕ್ಕೆ ಎಲ್ಲರೂ ತಲೆಯಾಡಿಸಿದ್ದರಿಂದ ಅವಳೂ ಆಡಿಸಿದಳು.

ಕೈಪಿಡಿಯ ಮೊದಲ ಪುಟದಲ್ಲಿ ಕೆಂಪಕ್ಷರದಲ್ಲಿ ಒಂದು ಸೂಚನೆಯಿತ್ತು: ಶುರುಮಾಡುವ ಮೊದಲು ತಪ್ಪದೆ ಬ್ಯಾಕಪ್ ತೆಗೆದುಕೊಳ್ಳಿ. ಸಮಿತಿ ಇದರ ಮೇಲೆ ಎರಡು ಸಂಜೆ ಚರ್ಚಿಸಿತು. ಬ್ಯಾಕಪ್ ಅಂದರೆ ಹಿಕಾಎ, ಅಂದರೆ ಕಚೇರಿಯಲ್ಲಿ ಉಳಿಸಿಕೊಳ್ಳುವ ನಕಲು ಪ್ರತಿ ಎಂದು ಉಸಾಮಿ ವಿವರಿಸಿದರು. ನಕಲು ಪ್ರತಿ ಹೇಗಿರಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಂಘದ ಯಂತ್ರದಲ್ಲಿ ಎಲ್ಲ ತಾಣಗಳ ಎಲ್ಲ ಪುಟಗಳನ್ನೂ ಕಾಗದದ ಮೇಲೆ ಅಚ್ಚು ಹಾಕಿಸಿದರು. ‘ಹಿಕಾಎ’ ಎಂದು ಹೊಸದೊಂದು ಮುದ್ರೆ ಕೆತ್ತಿ, ಪುಟಪುಟಕ್ಕೂ ತಾವೇ ಒತ್ತಿದರು. ಬೇರೆ ಅಂಗಡಿಗಳದ್ದು ಬೇಗ ಮುಗಿಯಿತು. ಅವರ ತಾಣಗಳಲ್ಲಿ ‘ಅಂಗಡಿ ತೆರೆದಿದೆ’ ಎನ್ನುವುದನ್ನು ಬಿಟ್ಟು ಏನೂ ಇರಲಿಲ್ಲ. ಹೊಶಿನಾಯಾದ ಸಾವಿರದ ನೂರ ಹನ್ನೆರಡು ಪುಟ ಒತ್ತುವಷ್ಟರಲ್ಲಿ ಉಸಾಮಿಯವರ ಮಣಿಕಟ್ಟು ಊದಿಕೊಂಡು ಬಿಳಿ ಪಟ್ಟಿ ಸುತ್ತಬೇಕಾಯಿತು.

ಯಂತ್ರದೊಳಗಿನ ಕಡತವನ್ನೇ ಒಂದು ಪ್ರತಿ ಮಾಡಿಕೊಳ್ಳುತ್ತೇನೆ, ಪಾಸ್‌ವರ್ಡ್ ಕೊಡಿ ಎಂದು ಕಿನುಯೊ ಕೇಳಿಕೊಂಡಳು. ಅಪ್‌ಗ್ರೇಡ್ ಮುಗಿಯುವ ತನಕ ಪಾಸ್‌ವರ್ಡುಗಳು ಲಕೋಟೆಯಲ್ಲಿ ಸೀಲಾಗಿ ತಿಜೋರಿಯಲ್ಲಿದ್ದವು. ತೆರೆಯಲು ಮೂವರ ಮುದ್ರೆ ಬೇಕು, ಒಬ್ಬರು ಬಿಸಿನೀರಿನ ಬುಗ್ಗೆಗೆ ಹೋಗಿದ್ದರು.

“ಕಿನುಯೊ-ಸಾನ್, ಒಂಬತ್ತು ಫೈಲ್ ಆಗಿದೆ ನಿಮ್ಮದು,” ಎಂದರು ಉಸಾಮಿ, ಪಟ್ಟಿ ಸುತ್ತಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು. “ಪ್ರತಿ ಪುಟಕ್ಕೂ ಮುದ್ರೆ ಇದೆ. ಇದಕ್ಕಿಂತ ಭದ್ರವಾದ ಬ್ಯಾಕಪ್ಪು ಈ ಜಿಲ್ಲೇಲೇ ಇಲ್ಲ.”

ಆ ಕೈ ನೋಡಿದ ಮೇಲೆ ಅವಳಿಗೆ ಮತ್ತೆ ಕೇಳುವ ಮನಸ್ಸಾಗಲಿಲ್ಲ. ಆಮೇಲೆ ಬಹಳ ದಿನ ಅವಳು ತನ್ನನ್ನು ಬೈದುಕೊಂಡದ್ದು ಇದಕ್ಕೇ. ಸಂಘದ ಕಪಾಟಿನಲ್ಲಿ ಮಡಿಸುವ ಕುರ್ಚಿಗಳೂ ಬೇಸಿಗೆ ಹಬ್ಬದ ಲಾಟೀನುಗಳೂ ತುಂಬಿದ್ದರಿಂದ ಒಂಬತ್ತು ಫೈಲುಗಳು ಅವಳ ಮನೆಗೇ ಬಂದವು. ಜಾಗವಿದ್ದದ್ದು ಅತ್ತೆಯ ಕೋಣೆಯಲ್ಲಿ ಮಾತ್ರ. ಕೊತಾತ್ಸುವಿನ ಪಕ್ಕದಲ್ಲಿ ಜೋಡಿಸಿಟ್ಟಳು. ಏನಿದು ಎಂದು ಅತ್ತೆ ಕೇಳಿದರು. ಹಳೇ ಕಾಗದ ಎಂದಳು.

ಅಪ್‌ಗ್ರೇಡು ಮಾರ್ಚ್ ಮೊದಲನೆಯ ಮಂಗಳವಾರ, ಬೀದಿಗೆ ರಜೆಯಿದ್ದ ದಿನ, ಸಂಘದ ಕೋಣೆಯಲ್ಲಿ ನಡೆಯಿತು. ಉಸಾಮಿ ಟೈ ಕಟ್ಟಿಕೊಂಡು ಬಂದಿದ್ದರು. ಗುಂಡಿ ಒತ್ತಿದರು, ನೀಲಿ ಪಟ್ಟಿ ಎಡದಿಂದ ಬಲಕ್ಕೆ ಹೋಯಿತು, ‘ಯಶಸ್ವಿಯಾಗಿದೆ’ ಎಂದು ಬಂತು. ಎಲ್ಲರೂ ಚಪ್ಪಾಳೆ ತಟ್ಟಿ, ಪರದೆಯ ಎರಡು ಬದಿಗೂ ನಿಂತು ಫೋಟೊ ತೆಗೆಸಿಕೊಂಡು, ಹುರಿದ ಮೀನಿನ ಜೊತೆ ಬಿಯರ್ ಕುಡಿದು ಮನೆಗೆ ಹೋದರು. ಪುಟಗಳನ್ನು ತೆರೆದು ನೋಡಬೇಕು ಎಂದು ಕಾರ್ಯಕ್ರಮ ಪಟ್ಟಿಯಲ್ಲಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಟೋಫು ಅಂಗಡಿಯ ಮೊಚಿದಾ-ಸಾನ್ ಕೈಯಲ್ಲಿ ಫೋನು ಹಿಡಿದು ಬಂದು, ಅಂಗಡಿಯ ಪರದೆ ಸರಿಸಿ ಒಳಗೆ ಮೂಗು ತೂರಿಸಿದರು.

“ಏನ್ರೀ ಕಿನುಯೊ-ಸಾನ್, ವ್ಯಾಪಾರ ಬದಲಾಯಿಸಿದ್ರಾ? ನಮಗೊಂದು ಮಾತು ಹೇಳಬಾರದಾ?”

ಅವಳು ಫೋನನ್ನು ನೋಡಿದಳು. ಅವಳ ಬ್ಲಾಗಿನ ಮೊದಲ ಸಾಲು ಹೀಗಿತ್ತು: ‘ಇಂದು ಬೆಳಿಗ್ಗೆ ಹಬೆಯಲ್ಲಿ ಬೆಂದ ಬಿಸಿ ಬಿಸಿ ದೇಹ ಎ ಸಿದ್ಧವಿದೆ.’

ಅವಳು ಕೈ ಒರೆಸಿಕೊಂಡು ಒಳಗೆ ಓಡಿ ಕಂಪ್ಯೂಟರು ಹಚ್ಚಿದಳು. ‘ದೇಹ ಎ ಗಳ ಬಾಯಿಯನ್ನು ಕೆಳಗಿನಿಂದ ಚಿವುಟಿ ಮುಚ್ಚಬೇಕು ಎಂದು ಅತ್ತೆ ಹೇಳುತ್ತಾರೆ.’ ‘ಸಂಜೆ ಉಳಿದ ದೇಹ ಎ ಗಳನ್ನು ಪಕ್ಕದ ಮನೆಗೆ ಹಂಚಿದೆವು.’ ‘ಮಕ್ಕಳಿಗೆ ಚಿಕ್ಕ ದೇಹ ಎ ಇಷ್ಟ.’ ಸಾವಿರದ ನೂರ ಹನ್ನೆರಡು ಬರಹಗಳಲ್ಲಿ ಒಂದೇ ಒಂದು ಮಂಜೂ ಉಳಿದಿರಲಿಲ್ಲ.

ಅಕ್ಷರ ಹೀಗೆ ರೂಪ ಬದಲಿಸುವುದಕ್ಕೆ ಅಲ್ಲಿಯವರು ಮೊಜಿಬಾಕೆ ಅನ್ನುತ್ತಾರೆ. ನರಿ ಹೆಂಗಸಿನ ವೇಷ ತೊಟ್ಟು ಬರುವುದಕ್ಕೂ ಅದೇ ‘ಬಾಕೆ’. ಆದರೆ ನರಿಗೆ ಕಾರಣ ಬೇಡ, ಯಂತ್ರಕ್ಕೆ ಇರುತ್ತದೆ. ಕಿನುಯೊ ಮಧ್ಯಾಹ್ನದ ಬಿಡುವಿನಲ್ಲಿ ಹುಡುಕಿ ಹುಡುಕಿ ಅದನ್ನು ಕಂಡುಕೊಂಡಳು. ಅವಳ ತಾಣದ ಹಳೆಯ ಸಂಕೇತದಲ್ಲಿ ಪ್ರತಿ ಚಿತ್ರಾಕ್ಷರವೂ ಎರಡು ತುಂಡುಗಳ ಜೋಡಿ. ಮಂಜೂವಿನ ಮೊದಲರ್ಧವಾದ ‘ಮನ್’ ಎಂಬ ಅಕ್ಷರದ ಎರಡನೆಯ ತುಂಡೂ ಯೆನ್ ಹಣದ ಗುರುತೂ ಯಂತ್ರಕ್ಕೆ ಒಂದೇ. ಹೊಸ ಆವೃತ್ತಿಗೆ ಆ ಗುರುತು ಕಂಡರೆ ಅದು ತನಗೆ ಕೊಟ್ಟ ಸೂಚನೆ ಎಂದುಕೊಂಡು ನುಂಗಿಬಿಡುತ್ತದೆ. ಒಂಟಿಯಾದ ಮೊದಲ ತುಂಡು ಪಕ್ಕದ ‘ಜೂ’ವಿನ ಅರ್ಧವನ್ನು ಎಳೆದು ಅಪ್ಪಿಕೊಳ್ಳುತ್ತದೆ. ಹುಟ್ಟುವುದು ಹಳೆಯ ಬರಹದ ‘ದೇಹ’. ಮಿಕ್ಕ ಚೂರು ‘ಎ’. ಇಂಥ ಶಾಪಗ್ರಸ್ತ ಅಕ್ಷರಗಳು ಎಲ್ಲ ಸೇರಿ ಕೆಲವೇ ಕೆಲವು. ಅವುಗಳಲ್ಲೊಂದು ಅವಳ ಹೊಟ್ಟೆಪಾಡಿನ ಅಕ್ಷರವಾಗಿತ್ತು. ಸಾಲುಮನೆಯಲ್ಲಿ ಒಂದು ಗೋಡೆ ಬಿದ್ದರೆ ಪಕ್ಕದವರ ಜಗಳ ನಮ್ಮ ಮನೆಯದಾಗುವ ಹಾಗೆ ಇದು ಎಂದು ಅವಳಿಗೆ ಅರ್ಥವಾಯಿತು. ಅರ್ಥವಾದದ್ದನ್ನು ಉಸಾಮಿಯವರಿಗೆ ವಿವರಿಸಿದಳು. ಅವರು ಪೂರ್ತಿ ಕೇಳಿಸಿಕೊಂಡು, ಕ್ಷಮೆ ಕೇಳೋಣ ಎಂದರು.

ಕ್ಷಮಾಪಣೆಯ ಕರಡನ್ನು ಸಮಿತಿ ಆ ಸಂಜೆಯೇ ಸಿದ್ಧಪಡಿಸಿ, ಎಲ್ಲ ಮುದ್ರೆ ಒತ್ತಿಸಿ, ಹೊಶಿನಾಯಾದ ಪುಟದ ನೆತ್ತಿಯ ಮೇಲೆ ಹಾಕಿತು. ‘ಮೋಶಿವಾಕೆ ಗೊಜಾಯಿಮಾಸೆನ್’ ಎಂದು ಶುರುವಾಗಬೇಕಿತ್ತು, ಹೇಳಿಕೊಳ್ಳಲು ನಮ್ಮಲ್ಲಿ ನೆಪವೇ ಇಲ್ಲ ಎಂದು. ಆದರೆ ‘ಹೇಳಿಕೊಳ್ಳು’ ಎಂಬ ಅಕ್ಷರವೂ ಅದೇ ಶಾಪದ ಕುಟುಂಬದ್ದು. ಬೆಳಿಗ್ಗೆ ಪುಟದ ಮೇಲೆ ದಪ್ಪಕ್ಷರದಲ್ಲಿ, ಗೌರವಪೂರ್ವಕವಾಗಿ, ‘ತೊಟ್ಟಿಕ್ಕುವ ಓ ನೆಪವಿಲ್ಲ’ ಎಂದಿತ್ತು. ಕೆಳಗೆ: ‘ದೇಹ ಎ ಪ್ರಿಯರಿಗೆ ಆದ ತೊಂದರೆಗೆ ಸಂಘ ತಲೆಬಾಗುತ್ತದೆ.’

ಕ್ಷಮಾಪಣೆಗೆ ಕ್ಷಮಾಪಣೆ ಕೇಳುವ ಪತ್ರ ಬರೆಯಲು ಸಮಿತಿ ಮತ್ತೆ ಸೇರಿತು. ಅದೂ ಅದೇ ಅಕ್ಷರದಿಂದ ಶುರುವಾಗುತ್ತದೆ, ಅದಿಲ್ಲದೆ ಕ್ಷಮೆ ಕೇಳಿದರೆ ಕೇಳಿದಂತಾಗುವುದಿಲ್ಲ. ಕೊನೆಗೆ ಉಸಾಮಿಯವರೇ ಮೂವರು ಸದಸ್ಯರನ್ನು ಕರೆದುಕೊಂಡು ಅಂಗಡಿಗೆ ನಡೆದು ಬಂದು, ಸಾಲಾಗಿ ನಿಂತು, ಬೆನ್ನು ಬಾಗಿಸಿ, ಬಾಯಲ್ಲೇ ಹೇಳಿದರು. ಬಾಯಲ್ಲಿ ಅಕ್ಷರ ಸರಿಯಾಗಿಯೇ ಬಂತು. ಕಿನುಯೊ ನಾಲ್ವರಿಗೂ ಒಂದೊಂದು ಮಂಜೂ ಕೊಟ್ಟಳು.

“ಬಿಸಿ ದೇಹವಾ?” ಎಂದ ಸದಸ್ಯನೊಬ್ಬನ ಕಾಲನ್ನು ಉಸಾಮಿ ತುಳಿದರು.

ಇಲ್ಲಿಗೆ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ‘ದೇಹ ಎ’ ಎಂದು ಇರುವ ಕಡೆಯೆಲ್ಲ ‘ಮಂಜೂ’ ಎಂದು ಬದಲಿಸು ಎಂದು ಯಂತ್ರಕ್ಕೆ ಒಂದೇ ಒಂದು ಸಾಲು ಹೇಳಿದರೆ ಸಾಕಿತ್ತು. ಸಂಜೆ ಹೇಳೋಣ ಎಂದು ಕಿನುಯೊ ಅಂದುಕೊಂಡಿದ್ದಳು. ಆದರೆ ಉಸಾಮಿಯವರಿಗೆ ಋಣ ತೀರಿಸುವ ಆತುರ. ಅವರು ಸಂಘದ ಪಾಸ್‌ವರ್ಡ್ ಬಳಸಿ ಮಧ್ಯಾಹ್ನವೇ ತಾಣದ ಒಳಹೊಕ್ಕು ತಾವೇ ಬದಲಿಸಿದರು. ಮುದ್ರೆ ಕೆತ್ತುವವರಾದ್ದರಿಂದ ಅವರಿಗೆ ದೇಹ ಎಂಬುದಕ್ಕೆ ಹಳೆಯ ಬರಹ ಬೇರೆ, ಹೊಸ ಬರಹ ಬೇರೆ ಎಂದು ಗೊತ್ತಿತ್ತು. ಎಲ್ಲಿಯೂ ತಪ್ಪಬಾರದೆಂದು ಎರಡನ್ನೂ ಬದಲಿಸಿದರು. ಜೊತೆಗೆ ಮಂಜೂವನ್ನು ಯಂತ್ರ ಮತ್ತೆ ನುಂಗದಿರಲೆಂದು ಶಾಲೆಯ ಮಕ್ಕಳು ಬರೆಯುವ ಸರಳ ಅಕ್ಷರಗಳಲ್ಲಿ ಬರೆದರು. ಅಷ್ಟರ ಮಟ್ಟಿಗೆ ಅದು ಬುದ್ಧಿವಂತಿಕೆಯೇ.

ಸಂಜೆ ಕಿನುಯೊ ಪುಟ ತೆರೆದಾಗ ಎಲ್ಲ ಬರಹಗಳೂ ಹೀಗೆ ಮುಗಿಯುತ್ತಿದ್ದವು: ‘ಹವೆ ಸರಿಯಿಲ್ಲ, ಮಂಜೂವನ್ನು ಜೋಪಾನ ಮಾಡಿಕೊಳ್ಳಿ.’ ತೆತ್ಸುರೊನಿಗೆ ಜ್ವರ ಬಂದ ವಾರ ಅವನ ಮಂಜೂ ಮೂವತ್ತೊಂಬತ್ತು ಡಿಗ್ರಿ ಏರಿತ್ತು. ಬೇಸಿಗೆಯಲ್ಲಿ ಅವಳು ಮಂಜೂವಿನ ತೂಕ ಇಳಿಸಲು ಸಂಜೆ ನಡೆಯತೊಡಗಿದ್ದಳು. ವೈದ್ಯರು ಅತ್ತೆಯ ಮಂಜೂವನ್ನು ಒತ್ತಿ ನೋಡಿ, ವಯಸ್ಸಿಗೆ ಗಟ್ಟಿಯಾಗಿದೆ ಎಂದಿದ್ದರು.

ಕಿನುಯೊ ಮೊದಲ ಹತ್ತು ಪುಟಕ್ಕೆ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಹನ್ನೊಂದನೆಯದಕ್ಕೆ ನಗು ನಿಂತಿತು. ಈಗ ಯಾವ ಮಂಜೂ ನಿಜವಾದ ಮಂಜೂ, ಯಾವುದು ದೇಹ ಎಂದು ಯಂತ್ರಕ್ಕೆ ತಿಳಿಯುವಂತಿರಲಿಲ್ಲ. ಒಂದೊಂದನ್ನೂ ಯಾರಾದರೂ ಓದಿಯೇ ತಿಳಿಯಬೇಕು.

ಓದುವ ಅಗತ್ಯವಿಲ್ಲದ ದಾರಿಯನ್ನು ಸಮಿತಿ ಕಂಡುಕೊಂಡಿತು. ಏಪ್ರಿಲ್ ಒಂದರಿಂದ ಹೊಸ ಆರ್ಥಿಕ ವರ್ಷ. ಎಲ್ಲ ತಾಣಗಳ ಹಳೆಯ ಬರಹಗಳನ್ನೂ ಮಾರ್ಚ್ ಮೂವತ್ತೊಂದಕ್ಕೆ ಅಳಿಸಿ, ಶುಭ್ರವಾಗಿ ಶುರುಮಾಡೋಣ. ಈ ನಿರ್ಣಯವನ್ನು ಹಲಗೆಗೆ ಸಿಕ್ಕಿಸಿ ಬೀದಿಯ ಮನೆಮನೆಗೆ ಸುತ್ತಲು ಬಿಟ್ಟರು. ಹಲಗೆ ಬಂದರೆ ಮುದ್ರೆ ಒತ್ತಿ ಪಕ್ಕದ ಮನೆಗೆ ದಾಟಿಸುವುದು. ಓದುವ ಪದ್ಧತಿ ಇಲ್ಲ. ಅದು ಇಪ್ಪತ್ತೆರಡು ಮುದ್ರೆ ಹೊತ್ತು ಮೂರೇ ದಿನದಲ್ಲಿ ಕೊನೆಯ ಮನೆಯಾದ ಹೊಶಿನಾಯಾಕ್ಕೆ ಬಂತು. ಇಪ್ಪತ್ತಮೂರನೆಯ ಚೌಕ ಖಾಲಿಯಿತ್ತು.

ಕಿನುಯೊ ಮುದ್ರೆಯ ಡಬ್ಬಿ ತೆರೆದು ಕೂತಳು. ಇಡೀ ಬೀದಿ ಒತ್ತಿದ ಮೇಲೆ ತಾವೊಬ್ಬರೇ ಒತ್ತುವುದಿಲ್ಲ ಎಂದವರನ್ನು ಅವಳು ಈ ಬೀದಿಯಲ್ಲಿ ಕಂಡಿರಲಿಲ್ಲ. ಹಾಗೆ ಅನ್ನುವುದಕ್ಕೆ ಯಾವ ಪದ ಬಳಸಬೇಕೆಂದೂ ಗೊತ್ತಿರಲಿಲ್ಲ. ಅವಳು ಕೆಂಪು ಮಸಿಗೆ ಮುದ್ರೆ ಅದ್ದಿದಳು.

“ಏನದು?” ಎಂದು ಕೊತಾತ್ಸುವಿನಿಂದ ಅತ್ತೆ ಕೇಳಿದರು.

ಹಳೆಯದನ್ನೆಲ್ಲ ಅಳಿಸುವುದಕ್ಕೆ ಒಪ್ಪಿಗೆ ಕೇಳಿದ್ದಾರೆ ಎಂದಳು. ಯಾವ ಹಳೆಯದು ಎಂದು ಕೇಳಿದರು. ನಾನು ಬರೆದದ್ದು ಎಂದಳು.

ಅತ್ತೆ ಕೈ ಚಾಚಿದರು. ಹಲಗೆ ಕೊಟ್ಟಳು. ಅವರು ಅದನ್ನು ತಿರುಗಿಸಿ ನೋಡಿ, ತಾವು ಕೂತಿದ್ದ ದಿಂಬನ್ನು ಒಂದು ಕಡೆ ಎತ್ತಿ ಅದರಡಿಗೆ ಸೇರಿಸಿ, ಮತ್ತೆ ಕೂತರು.

“ಅಮ್ಮ, ಅದು ನಾಳೆ ವಾಪಸ್ ಹೋಗ್ಬೇಕು.”

“ಯಾವುದು? ನಂಗೆ ಎಂಬತ್ತೇಳು ವರ್ಷ. ಎಲ್ಲಿಟ್ಟೆ ಅಂತ ಮರ್ತೋಗುತ್ತೆ,” ಎಂದರು ಅತ್ತೆ. “ಚಹಾ ತಾ.”

ಉಳಿದದ್ದು ಇಪ್ಪತ್ತನಾಲ್ಕು ದಿನ. ಆ ಸಂಜೆಯೇ ಕಿನುಯೊ, ಇನ್ನು ಮುಂದೆ ಎಲ್ಲವನ್ನೂ ಹೊಸ ಸಂಕೇತದಲ್ಲಿ ಉಳಿಸು ಎಂದು ವ್ಯವಸ್ಥೆಯ ಕಡತದಲ್ಲಿ ಒಂದು ಸಾಲು ತಿದ್ದಿದಳು. ಮಂಜೂವಿನ ದೊಡ್ಡ ಅಕ್ಷರ ಬರೆದು ಪರೀಕ್ಷಿಸಿದಳು, ನುಂಗಲಿಲ್ಲ. ಮರುದಿನ ಮಧ್ಯಾಹ್ನ ಎರಡಕ್ಕೆ, ಎರಡನೇ ಸರದಿಯ ಹಬೆ ಇಳಿದ ಮೇಲೆ, ಲ್ಯಾಪ್‌ಟಾಪನ್ನು ಅತ್ತೆಯ ಕೋಣೆಗೇ ತಂದು ಕೊತಾತ್ಸುವಿನ ಇನ್ನೊಂದು ಬದಿಗೆ ಕೂತು ಮೊದಲ ಫೈಲು ಬಿಚ್ಚಿದಳು. ದಿನಕ್ಕೆ ನಲವತ್ತೇಳು ಬರಹ ಮುಗಿಸಬೇಕಿತ್ತು. ಕಾಗದ ನೋಡುವುದು, ಪರದೆ ನೋಡುವುದು, ಮಂಜೂವನ್ನು ಮಂಜೂ ಮಾಡುವುದು, ದೇಹವನ್ನು ದೇಹ. ಮನಸ್ಸಿನಲ್ಲೇ ಅವಳು ಉಸಾಮಿಯವರ ಊದಿದ ಮಣಿಕಟ್ಟಿಗೆ ಒಂದು ನಮಸ್ಕಾರ ಹಾಕಿದಳು. ಜಿಲ್ಲೆಯಲ್ಲೇ ಭದ್ರವಾದ ಬ್ಯಾಕಪ್ಪು ಎಂದದ್ದು ಸುಳ್ಳಾಗಿರಲಿಲ್ಲ.

ಎರಡನೆಯ ಪುಟದಲ್ಲಿ, ಹಿಕಾಎ ಮುದ್ರೆಯ ಪಕ್ಕದಲ್ಲಿ, ಕೆಂಪು ಪೆನ್ಸಿಲಿನಲ್ಲಿ ಏನೋ ಗೀಚಿತ್ತು. ಅವಳು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬರಹದಲ್ಲಿ ಅವಳು ‘ನೀರು ಉಗುರುಬೆಚ್ಚಗಿರಲಿ’ ಎಂದಿದ್ದಳು. ಅಂಚಿನಲ್ಲಿ: ‘ಉಗುರುಬೆಚ್ಚಗೆ ಅಲ್ಲ. ಮಗುವಿಗೆ ಸ್ನಾನ ಮಾಡಿಸುವಷ್ಟು.’

ಮೂರನೆಯದರಲ್ಲಿ: ‘ಅವತ್ತು ಮಳೆ ಇರಲಿಲ್ಲ. ಹಿಮ.’

ಏಳನೆಯದರಲ್ಲಿ ಅವಳು ಮೊದಲ ಬಾರಿಗೆ ಇಡೀ ತಟ್ಟೆಯನ್ನು ಒಬ್ಬಳೇ ಕಟ್ಟಿದ ದಿನದ ಬಗ್ಗೆ ಬರೆದು, ‘ಅತ್ತೆ ನೋಡಿದರು, ಏನೂ ಹೇಳಲಿಲ್ಲ’ ಎಂದು ಮುಗಿಸಿದ್ದಳು. ಅಂಚಿನಲ್ಲಿ: ‘ಸರಿಯಾಗಿದ್ದರೆ ಹೇಳುವುದೇನಿದೆ.’

ಕಿನುಯೊ ತಲೆಯೆತ್ತಿದಳು. ಅತ್ತೆ ಎದುರಿಗೆ ಕಿತ್ತಳೆ ಸುಲಿಯುತ್ತಿದ್ದರು. ಎಳೆಯನ್ನೆಲ್ಲ ಬಿಡಿಸಿ, ತೊಳೆಗಳನ್ನು ಸಾಲಾಗಿ ಇಡುತ್ತಿದ್ದರು, ಇತ್ತ ನೋಡಲಿಲ್ಲ. ಫೈಲು ಬಂದು ಎರಡು ವಾರವೂ ಆಗಿರಲಿಲ್ಲ. ಒಂಬತ್ತನ್ನೂ ಯಾವಾಗ ಓದಿದರೋ.

ದಿನಗಳು ಹೋದವು. ಹಗಲಿರುಳು ಸಮವಾಗುವ ವಾರದಲ್ಲಿ ಹಿರಿಯರ ಗೋರಿಗೆ ಒಯ್ಯುವ ಸಿಹಿಗೆಂದು ಜನ ಸಾಲುಗಟ್ಟಿದರು. ಬಂದವರು ಹೋಗುವಾಗ ‘ಮಂಜೂ ಜೋಪಾನ’ ಎಂದು ಕಿಸಕ್ಕನೆ ನಗುತ್ತಿದ್ದರು. ಮೊಚಿದಾ-ಸಾನ್ ಅಂತೂ ತಮ್ಮ ಟೋಫುವಿನ ಪೊಟ್ಟಣ ಕಟ್ಟಿಕೊಡುವಾಗಲೂ ಅದನ್ನೇ ಹೇಳಲು ಶುರುಮಾಡಿದ್ದರು. ಕಿನುಯೊ ಎಲ್ಲರಿಗೂ ತಲೆಬಾಗಿ, ಎರಡು ಗಂಟೆಯಾಗುವುದನ್ನೇ ಕಾಯುತ್ತಿದ್ದಳು. ಉಸಾಮಿ ಮೂರು ಸಲ ಹಲಗೆ ಕೇಳಿಕೊಂಡು ಬಂದರು. ಮೂರು ಸಲವೂ ಅತ್ತೆ ಅವರನ್ನು ಕೂರಿಸಿ, ಅವರ ತಂದೆ ಕೆತ್ತಿದ ಮುದ್ರೆಗಳು ಹೇಗೆ ಐವತ್ತು ವರ್ಷ ಸವೆಯದೆ ಇವೆ, ಈಗಿನವು ಹೇಗೆ ಐದೇ ವರ್ಷಕ್ಕೆ ಅಂಚು ಒಡೆಯುತ್ತವೆ ಎಂದು ಸವಿಸ್ತಾರವಾಗಿ ಹೇಳಿದರು. ಉಸಾಮಿ ಕೇಳಲು ಬಂದದ್ದನ್ನು ಮರೆತು ಎದ್ದು ಹೋದರು. ಇಷ್ಟೂ ಹೊತ್ತು ಅತ್ತೆ ದಿಂಬಿನ ಮೇಲಿಂದ ಅಲ್ಲಾಡಲಿಲ್ಲ.

ನಾಲ್ಕನೆಯ ಫೈಲಿನ ಮಧ್ಯದಲ್ಲಿ ರೇಡಿಯೊದವರು ಬಂದ ದಿನದ ಬರಹವಿತ್ತು. ‘ಏಳು ನಿಮಿಷ ಐವತ್ತೈದು ಸೆಕೆಂಡು. ಇದು ಅತ್ತೆಯ ಅತ್ತೆಯ ಕಾಲದ ಲೆಕ್ಕ.’ ಈ ಪುಟದ ಅಂಚು ತುಂಬಿಹೋಗಿ ಬರಹ ಹಿಂಬದಿಗೂ ದಾಟಿತ್ತು. ಪೆನ್ಸಿಲು ಕೆಲವು ಕಡೆ ಒತ್ತಿ ಮುರಿದಿತ್ತು.

‘ಇದು ಸುಳ್ಳು. ನನ್ನ ಅತ್ತೆ ಬೇಯಿಸಿದರೆ ಹತ್ತರಲ್ಲಿ ಮೂರು ಬಿರಿಯುತ್ತಿದ್ದವು, ನನ್ನವೂ ಅಷ್ಟೇ. ಗೋಡೆಯ ಮೇಲೆ ನಿನ್ನ ಚೀಟಿ ನೋಡಿದೆ. ಗುಟ್ಟಾಗಿ ಲೆಕ್ಕ ಹಾಕಿ ಕಂಡುಹಿಡಿದಿದ್ದಾಳೆ, ನನ್ನೆದುರು ಹೇಳಲು ಹೆದರಿ ಗೋಡೆಗೆ ಅಂಟಿಸಿದ್ದಾಳೆ ಅಂದುಕೊಂಡೆ. ರೇಡಿಯೊದವನ ಮುಂದೆ ನೀನು ಬಾಯಿ ತೆರೆದೆ. ಹೇಳುತ್ತೀಯಾ ಅಂದುಕೊಂಡೆ. ಹೇಳಲಿಲ್ಲ. ಆ ರಾತ್ರಿಯಿಂದ ಹೇಳಬೇಕು ಅಂದುಕೊಂಡೇ ಇದ್ದೇನೆ. ಇದು ಹೊಶಿನಾಯಾದ ಲೆಕ್ಕ, ಕಿನುಯೊ ಹಾಕಿದ್ದು.’

ಕಿನುಯೊ ಅದನ್ನು ಎರಡು ಸಲ ಓದಿದಳು. ಆ ಸಂಖ್ಯೆ ಒಂದು ಕಡತಕ್ಕೆ ಓಡಲು ಕೊಡುವ ಅನುಮತಿ ಎಂದು, ಪತ್ರಿಕೆಯೊಂದರ ಎಪ್ಪತ್ತನೇ ಪುಟದಿಂದ ನಕಲು ಮಾಡಿದ್ದು ಎಂದು, ಲೋಕದಲ್ಲಿ ಬ್ಲಾಗ್ ಹಾಕಿಕೊಂಡ ಪ್ರತಿಯೊಬ್ಬರೂ ಅದನ್ನೇ ಬರೆದಿರುತ್ತಾರೆ ಎಂದು ಹೇಳಲು ಅವಳು ಬಾಯಿ ತೆರೆದಳು.

ಅತ್ತೆ ಕಿತ್ತಳೆಯ ತೊಳೆಯೊಂದನ್ನು ಮೇಜಿನ ಮೇಲೆ ಅವಳ ಕಡೆ ದೂಡಿದರು.

ಅವಳು ಅದನ್ನು ಬಾಯಿಗೆ ಹಾಕಿಕೊಂಡಳು. ಸ್ವಲ್ಪ ಹುಳಿಯಿತ್ತು.

ಆಮೇಲೆ ಅವಳು ಮೊದಲ ಫೈಲಿಗೆ ಮರಳಿ, ತಿದ್ದಿದ ಪ್ರತಿ ಬರಹದ ಕೆಳಗೂ ಕೆಂಪು ಸಾಲುಗಳನ್ನು ಟಿಪ್ಪಣಿಯ ಚೌಕದಲ್ಲಿ ಹಾಗೆಯೇ ಸೇರಿಸತೊಡಗಿದಳು. ಹೆಸರು: ಇಸೊ. ಊರು: ಒಳಕೋಣೆ. ಹೊಸ ಆವೃತ್ತಿಯಲ್ಲಿ ಹಳೆಯದರಲ್ಲಿ ಇಲ್ಲದ್ದು ನಿಜವಾಗಿಯೂ ಒಂದಿತ್ತು: ಟಿಪ್ಪಣಿ ಬಂದರೆ ತಾಣದ ಯಜಮಾನಿಯ ಒಪ್ಪಿಗೆಯಿಲ್ಲದೆ ಅದನ್ನು ಪ್ರಕಟಿಸುವುದಿಲ್ಲ. ಪ್ರತಿಯೊಂದಕ್ಕೂ ಕೇಳುತ್ತಿತ್ತು, ಒಪ್ಪುವಿರಾ, ತಡೆಹಿಡಿಯುವಿರಾ.

“ಅಮ್ಮ, ನಿಮ್ಮ ಮಾತು ಹಾಕ್ಲಾ ಅಂತ ಕೇಳ್ತಿದೆ.”

“ಯಾರನ್ನ ಕೇಳ್ತಿದೆ?”

“ನನ್ನನ್ನ.”

ಸೊಸೆಯ ಒಪ್ಪಿಗೆಯಿಲ್ಲದೆ ಅತ್ತೆಯ ಮಾತು ಹೊರಗೆ ಹೋಗದಂಥ ಯಂತ್ರವನ್ನು ಕಂಡುಹಿಡಿದವರು ಯಾರು, ಅವರಿಗೆ ತಾಯಿ ಇದ್ದಾರಾ ಎಂದು ಅತ್ತೆ ಕೇಳಿದರು. ಆಮೇಲೆ, ಹಾಕು ಎಂದರು. ನಾನೂರ ಎಂಬತ್ತಾರು ಟಿಪ್ಪಣಿಗಳಲ್ಲಿ ಕಿನುಯೊ ನಾನೂರ ಎಂಬತ್ತೈದಕ್ಕೆ ಒಪ್ಪಿಗೆ ಒತ್ತಿದಳು. ರೇಡಿಯೊದ ದಿನದ್ದೊಂದನ್ನು ತಡೆಹಿಡಿದಳು. ಅದು ಅಳಿಯುವುದಿಲ್ಲ, ಹೊರಗೂ ಹೋಗುವುದಿಲ್ಲ. ಅವಳಿಗೆ ಮಾತ್ರ ಕಾಣುತ್ತದೆ.

ಮೂವತ್ತೊಂದರ ಮಧ್ಯಾಹ್ನ ಮೂರೂವರೆಗೆ ಸಾವಿರದ ನೂರ ಹನ್ನೆರಡನೆಯದು ಮುಗಿಯಿತು. ನಾಲ್ಕಕ್ಕೆ ಉಸಾಮಿ ಟೈ ಕಟ್ಟಿಕೊಂಡು ಬಂದು, ಇವತ್ತು ಹಲಗೆ ಸಿಗದೆ ಹೋಗುವುದಿಲ್ಲ ಎಂದು ಬಾಗಿಲಲ್ಲೇ ನಿಂತರು. ಅತ್ತೆ ದಿಂಬು ಎತ್ತಿದರು. ಬಿಸಿಗೆ ಹಲಗೆ ಸ್ವಲ್ಪ ಬಾಗಿತ್ತು.

“ಇಲ್ಲೇ ಇತ್ತಲ್ಲಪ್ಪ. ಕೇಳಿದ್ರೆ ಕೊಡ್ತಿದ್ದೆ.”

ಕಿನುಯೊ ಹಲಗೆ ಹಿಡಿದು, ಒಂದು ವಾರದಿಂದ ಮನಸ್ಸಿನಲ್ಲೇ ಕಟ್ಟಿ ಕಟ್ಟಿ ಇಟ್ಟಿದ್ದ ಮಾತನ್ನು ಹೇಳಿದಳು. “ಉಸಾಮಿ-ಸಾನ್, ನಮ್ಮದು ಈಗ ಸರಿಹೋಗಿದೆ. ಹಾಗಾಗಿ ನಾನು ಒತ್ತಲ್ಲ.” ಕ್ಷಮೆ ಕೇಳುವ ಪದ ನಾಲಗೆಯ ತುದಿಗೆ ಬಂದಿತ್ತು, ಅದನ್ನು ಅವಳು ಅಲ್ಲೇ ನುಂಗಿಕೊಂಡಳು.

ಉಸಾಮಿ ಖಾಲಿ ಚೌಕವನ್ನು ಬಹಳ ಹೊತ್ತು ನೋಡಿದರು. ಅವರ ಸೇವಾವಧಿಯಲ್ಲಿ ಅಂಥದೊಂದನ್ನು ಕಂಡಿರಲಿಲ್ಲ. ಕೊನೆಗೆ, ವರ್ಷ ಮುಗಿಯುವುದರೊಳಗೆ ಮುದ್ರೆಗಳು ಪೂರ್ತಿಯಾಗದ ನಿರ್ಣಯ ನಿಯಮದ ಪ್ರಕಾರ ಬಿದ್ದುಹೋಗುತ್ತದೆ ಎಂದು ತಮಗೆ ತಾವೇ ಹೇಳಿಕೊಂಡು, ಅದರಿಂದ ಸ್ವಲ್ಪ ಸಮಾಧಾನವಾದವರಂತೆ, ಆರು ಮಂಜೂ ಕಟ್ಟಿಸಿಕೊಂಡರು. ಹೋಗುವಾಗ ಹಳೆಯ ಸಭ್ಯತೆಯಂತೆ, ಹವೆ ಸರಿಯಿಲ್ಲ, ದೇಹ ಜೋಪಾನ ಎನ್ನಲು ಹೊರಟು, ‘ಮಂಜೂ’ ಎಂದು ತಡವರಿಸಿ, ಕೆಂಪಾಗಿ, ಪರದೆ ಸರಿಸಿ ಹೊರಟುಹೋದರು.

ಕಿನುಯೊ ಒಳಗೆ ಬಂದು ಲ್ಯಾಪ್‌ಟಾಪು ಮುಚ್ಚಲು ಕೈ ಹಾಕಿದಳು. ಪರದೆಯ ಮೇಲ್ತುದಿಯಲ್ಲಿ ಬೆಳಿಗ್ಗೆ ಇಲ್ಲದಿದ್ದ ಹಳದಿ ಪಟ್ಟಿಯೊಂದು ಬಂದು ಕೂತಿತ್ತು.

“ಏನಂತೆ?” ಎಂದರು ಅತ್ತೆ.

“ಇನ್ನೂ ಹೊಸದು ಬಂದಿದೆಯಂತೆ, ಅಮ್ಮ. ಹಾಕ್ಕೊಳ್ಳೋಕ್ ಮುಂಚೆ ಹಿಕಾಎ ತೆಗೆದಿಟ್ಕೊಳ್ಳಿ ಅಂತಿದೆ.”

ಅತ್ತೆ ಮೇಜಿನ ಕೆಳಗೆ ಕೈ ಹಾಕಿ ತಡಕಾಡಿ, ಬೆರಳುದ್ದ ಉಳಿದಿದ್ದ ಕೆಂಪು ಪೆನ್ಸಿಲನ್ನೂ ಹಣ್ಣು ಕೊಯ್ಯುವ ಚಾಕುವನ್ನೂ ತೆಗೆದು, ಕಿತ್ತಳೆ ಸಿಪ್ಪೆಯ ಮೇಲೆ ಪೆನ್ಸಿಲಿನ ಮೊನೆ ಚೂಪು ಮಾಡತೊಡಗಿದರು.